ಬಂದೂಕಿನ ಸಿಂಗಾರ

ನಮ್ಮ ಕಡೆ ಸಿಂಗಾರ ಕಾಣದ ವಸ್ತುವೇ ಇಲ್ಲ. ಎತ್ತಿನ ಕೊಂಬಿಗೆ ಬಣ್ಣ, ಹೊಸ್ತಿಲಿಗೆ ಅರಿಸಿನ, ಲಾರಿಯ ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿ, ಒರಳುಕಲ್ಲಿಗೆ ಕೂಡ ವರ್ಷಕ್ಕೊಮ್ಮೆ ಕುಂಕುಮ. ನನ್ನ ತಂದೆಯವರು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಆಯುಧಪೂಜೆಯ ದಿನ ತಮ್ಮ ಟೈಪ್‌ರೈಟರಿಗೆ ಸೇವಂತಿಗೆಯ ಹಾರ ಹಾಕುತ್ತಿದ್ದರು. ಹೂವಿನ ಎಸಳು ಅಚ್ಚುಮೊಳೆಗಳ ನಡುವೆ ಸಿಕ್ಕಿ ಆಮೇಲೆ ಮೂರು ದಿನ ಅಕ್ಷರಗಳು ನೆಟ್ಟಗೆ ಬೀಳುತ್ತಿರಲಿಲ್ಲವಂತೆ. ಅದಕ್ಕಾಗಿ ಯಾವ ಸಾಹೇಬರೂ ಅವರನ್ನು ಗದರಿಸಿದ್ದಿಲ್ಲ.

ಬಂದೂಕಿಗೂ ಮನೆಯಲ್ಲಿ ಕುಳಿತು ಸಿಂಗಾರ ಮಾಡುವುದುಂಟು ಎಂಬುದನ್ನು ಮಾತ್ರ ನಾನು ಎರಡೇ ಕಡೆ ಕಂಡಿದ್ದೇನೆ. ಒಂದು ಕೊಡಗು, ಇನ್ನೊಂದು ಅಮೆರಿಕೆಯ ಟೆಕ್ಸಾಸ್ ಸಂಸ್ಥಾನ. ಈ ವಿಷಯದಲ್ಲಿ ಮಾತನಾಡಲು ನನಗೇನು ಅಧಿಕಾರ ಎಂದು ಓದುಗರು ಕೇಳಿದರೆ, ಏನೂ ಇಲ್ಲವೆಂದೇ ಹೇಳಬೇಕು. ನನ್ನ ಎಪ್ಪತ್ತೆರಡು ವರ್ಷದ ಬಾಳಿನಲ್ಲಿ ನಾನು ಹಿಡಿದ ಅತಿ ದೊಡ್ಡ ಆಯುಧವೆಂದರೆ ಈಳಿಗೆಮಣೆ. ಅದನ್ನೂ ಹಿಡಿದದ್ದಲ್ಲ, ಅದರ ಮೇಲೆ ಕುಳಿತದ್ದು.

ಹೋದ ವರ್ಷ ಮಗಳ ಮನೆಗೆ ಹೋಗಿದ್ದೆ. ಆಸ್ಟಿನ್ ಪಟ್ಟಣದ ಹೊರವಲಯ. ಅಲ್ಲಿ ನಮ್ಮಂಥ ಮುದುಕರಿಗೆ ಇರುವ ಕೆಲಸ ಮೂರು: ಬೆಳಿಗ್ಗೆ ಮೊಮ್ಮಗನನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವುದು, ಸಂಜೆ ಇಳಿಸಿಕೊಳ್ಳುವುದು, ನಡುವೆ ಕರಿಬೇವಿನ ಕುಂಡಕ್ಕೆ ನೀರು ಹಾಕುವುದು. ಮೂರನೆಯದರ ಜವಾಬ್ದಾರಿಯೇ ಹೆಚ್ಚಿನದು. ಅಲ್ಲಿ ಕರಿಬೇವಿನ ಗಿಡವೆಂದರೆ ಸಾಕಿದ ಮಗುವಿನಂತೆ. ಚಳಿ ಬಂದರೆ ಒಳಗೆ, ಬಿಸಿಲು ಬಂದರೆ ಹೊರಗೆ. ಒಗ್ಗರಣೆಗೆ ಎಷ್ಟೆಲೆ ಎಂಬುದನ್ನು ನನ್ನ ಮಗಳು ಎಣಿಸಿ ಕೀಳುತ್ತಾಳೆ.

ಪಕ್ಕದ ಮನೆಯಾತ ಅರವತ್ತು ದಾಟಿದವರು. ಲಾರಿಗಳ ಇಂಜಿನ್ನು ರಿಪೇರಿ ಮಾಡಿ ಬದುಕಿ ಈಗ ವಿಶ್ರಾಂತರಾಗಿದ್ದಾರೆ. ನಾನು ನೀರು ಹಾಕುವ ಹೊತ್ತಿಗೆ ಅವರ ಕಾರ್‌ಶೆಡ್ಡಿನ ಬಾಗಿಲು ಮೇಲಕ್ಕೆ ಸರಿಯುತ್ತಿತ್ತು. ಒಳಗೆ ಒಂದು ಉದ್ದನೆಯ ಮೇಜು, ಗೋಡೆ ತುಂಬ ಸ್ಪ್ಯಾನರುಗಳು, ಒಂದು ಹಳೆಯ ರೇಡಿಯೋ. ‘ಬನ್ನಿ, ಕಾಫಿ ಕುಡಿಯೋಣ’ ಎಂದು ಕರೆಯುತ್ತಿದ್ದರು. ಅವರ ಕಾಫಿಯ ಬಗ್ಗೆ ಹೇಳದಿರುವುದು ಸೌಜನ್ಯ. ಅವರ ಮನೆಯಲ್ಲಿ ಮಗಳ ಮಗ, ನಮ್ಮ ಹುಡುಗನ ವಯಸ್ಸಿನವನೇ, ಎಂಟು ವರ್ಷ, ಆಗಾಗ ಬಂದಿರುತ್ತಿದ್ದ. ಇಬ್ಬರಿಗೂ ಜೊತೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಹೋದಾಗ ಮೇಜಿನ ಮೇಲೆ ಹಳೆಯ ವೃತ್ತಪತ್ರಿಕೆ ಹಾಸಿ, ನಾವು ಹಲಸಿನಹಣ್ಣು ಹೆಚ್ಚಲು ಕೂರುವಷ್ಟು ಸಿದ್ಧತೆಯಿಂದ, ಒಂದು ಬಂದೂಕನ್ನು ಬಿಚ್ಚಿ ಇಟ್ಟುಕೊಂಡಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರು ನಕ್ಕು, ಅದರ ಹೊಟ್ಟೆಯನ್ನು ತೆರೆದು, ಒಳಗೆ ಬೆರಳು ಹಾಕಿ ತೋರಿಸಿ, ‘ಖಾಲಿ’ ಎಂದರು. ಆಮೇಲೆ ಇನ್ನೊಮ್ಮೆ ತೋರಿಸಿದರು. ಪ್ರತಿ ಸಲ ಕೈಗೆತ್ತಿಕೊಂಡಾಗಲೂ ಹಾಗೆ ನೋಡುವುದು ಅವರ ಪದ್ಧತಿಯೆಂದು ಆಮೇಲೆ ತಿಳಿಯಿತು. ಹಾಲು ಕುಡಿದ ಲೋಟವನ್ನು ತೊಳೆದಿದ್ದರೂ ಮತ್ತೊಮ್ಮೆ ತೊಳೆಯುತ್ತಿದ್ದ ನನ್ನ ಅಜ್ಜಿಯ ನೆನಪಾಯಿತು.

ಅದು ಪತ್ರಿಕೆಗಳಲ್ಲಿ ಆಗಾಗ ಹೆಸರು ಬರುವ ಎ-ಆರ್ ಮಾದರಿಯದು. ಆ ಎರಡು ಅಕ್ಷರಗಳಿಗೆ ಜನ ಏನೇನೋ ಅರ್ಥ ಕಟ್ಟುತ್ತಾರೆ. ನಿಜವಾಗಿ ಅದು ಆರ್ಮಲೈಟ್ ಎಂಬ ಕಂಪನಿಯ ಹೆಸರಿನಿಂದ ಬಂದದ್ದು. ೧೯೫೦ರ ದಶಕದ ಕೊನೆಯಲ್ಲಿ ಯೂಜೀನ್ ಸ್ಟೋನರ್ ಎಂಬ ಎಂಜಿನಿಯರ್ ಮರ ಮತ್ತು ಉಕ್ಕು ಇದ್ದ ಜಾಗಗಳಲ್ಲಿ ಪ್ಲಾಸ್ಟಿಕ್ಕು ಮತ್ತು ಅಲ್ಯುಮಿನಿಯಂ ಹಾಕಿ ಅದನ್ನು ಹಗುರಮಾಡಿದ. ನಮ್ಮ ನೆರೆಯವರು ಅಂದು ಬಿಚ್ಚಿದ್ದು ಅದರ ಹ್ಯಾಂಡ್‌ಗಾರ್ಡನ್ನು. ಕನ್ನಡದಲ್ಲಿ ಕೈಗಾಪು ಎಂದರೆ ಆದೀತು. ನಾಲ್ಕಾರು ಗುಂಡು ಹಾರಿದರೆ ನಳಿಗೆ ಕಾದ ಕಬ್ಬಿಣವಾಗುತ್ತದೆ. ಎಡಗೈಯಿಂದ ಅದನ್ನು ಹಿಡಿಯುವವನ ಅಂಗೈ ಉಳಿಯಬೇಕಲ್ಲ, ಅದಕ್ಕೆ ಹೊದಿಸಿದ ಕವಚ. ಒಲೆಯ ಮೇಲಿನ ಪಾತ್ರೆಗೆ ಮಸಿಬಟ್ಟೆ ಇದ್ದ ಹಾಗೆ. ಹಳೆಯದು ಪ್ಲಾಸ್ಟಿಕ್ಕಿನ ಎರಡು ಹೋಳು. ಈಗ ಅದನ್ನು ತೆಗೆದು ಉದ್ದನೆಯ ಅಲ್ಯುಮಿನಿಯಂ ಕೊಳವೆಯನ್ನು ಹಾಕುತ್ತಿದ್ದರು. ಹೊಸದು ನಳಿಗೆಯನ್ನು ಎಲ್ಲಿಯೂ ಮುಟ್ಟುವುದಿಲ್ಲ, ಬುಡದಲ್ಲಿ ಮಾತ್ರ ಕಚ್ಚಿಕೊಂಡಿರುತ್ತದೆ. ಗುಂಡು ಹಾರುವಾಗ ನಳಿಗೆ ತಂಬೂರಿಯ ತಂತಿಯಂತೆ ಕಂಪಿಸುತ್ತದಂತೆ. ಅದಕ್ಕೆ ಕೈಯಾಗಲಿ ಕಲ್ಲಾಗಲಿ ಒತ್ತಿದರೆ ಗುರಿ ತಪ್ಪುತ್ತದೆ. ಒತ್ತದಂತೆ ಬಿಟ್ಟರೆ ಪ್ರತಿ ಗುಂಡೂ ಒಂದೇ ರೀತಿ ಹೋಗುತ್ತದೆ. ಇದನ್ನು ಅವರು ವಿವರಿಸಿದ ಶ್ರದ್ಧೆಯನ್ನು ನಾನು ನಮ್ಮ ಊರಿನ ವೀಣೆ ಮಾಡುವವರಲ್ಲಿ ಕಂಡಿದ್ದೆ.

ಕೊಳವೆ ಕಪ್ಪಾಗಿತ್ತು. ಕಪ್ಪು ಕಾಡಿನಲ್ಲಿ ಇಲ್ಲದ ಬಣ್ಣ ಎಂದರು ಅವರು. ನೆರಳು ಕಪ್ಪಲ್ಲವೆ ಎಂದೆ. ‘ನೋಡಿ ಹೇಳಿ’ ಎಂದರು. ಹೊರಗೆ ಓಕ್ ಮರದ ಬುಡದಲ್ಲಿ ನೋಡಿದೆ. ಹೌದು, ನೆರಳು ಕಂದು, ಹಸುರು, ಒಂದಿಷ್ಟು ನೀಲಿ. ಕಪ್ಪು ಎಲ್ಲಿಯೂ ಇರಲಿಲ್ಲ. ಇಷ್ಟು ವರ್ಷ ಕಣ್ಣಿದ್ದೂ ನೋಡಿರಲಿಲ್ಲ.

ಮುಂದಿನದು ಬಣ್ಣದ ಕೆಲಸ. ಮೊದಲು ಸ್ಪಿರಿಟ್ಟಿನಿಂದ ಒರೆಸಿ ಎಣ್ಣೆಯ ಜಿಡ್ಡು ತೆಗೆಯುವುದು. ಜಿಡ್ಡಿದ್ದಲ್ಲಿ ಬಣ್ಣ ನಿಲ್ಲುವುದಿಲ್ಲ. ತಿರುಪುಗಳು ಕೂರುವ ತೂತುಗಳಿಗೆ ಕಾಗದದ ಪಟ್ಟಿ ಅಂಟಿಸಿ ಮುಚ್ಚುವುದು. ಆಮೇಲೆ ಹೊಳಪಿಲ್ಲದ ಬಣ್ಣವನ್ನು ಡಬ್ಬಿಯಿಂದ ಒಂದು ಮೊಳ ದೂರದಿಂದ ತುಂತುರು ಹಾಕುವುದು, ತೆಳುವಾಗಿ ಎರಡು ಮೂರು ಸಲ. ಮೊದಲು ಒಣಹುಲ್ಲಿನ ಬಣ್ಣ. ಅದು ಆರಿದ ಮೇಲೆ ಬಟ್ಟೆ ಒಗೆಯುವ ಯಂತ್ರಕ್ಕೆ ಕಾಲುಚೀಲಗಳನ್ನು ತುಂಬಿ ಹಾಕುವ ಬಲೆಚೀಲವನ್ನು ಕೊಳವೆಗೆ ಬಿಗಿಯಾಗಿ ಸುತ್ತಿ, ಮೇಲೆ ಹಸುರು. ಬಲೆ ತೆಗೆದರೆ ಹಾವಿನ ಪೊರೆಯಂತೆ ಸಣ್ಣ ಸಣ್ಣ ಕಣ್ಣು. ಅವರ ಹೆಂಡತಿ ಒಳಬಾಗಿಲಿನಲ್ಲಿ ನಿಂತು ತಮ್ಮ ಬಲೆಚೀಲದ ಗತಿಯನ್ನು ನೋಡಿ ಏನೂ ಹೇಳದೆ ಒಳಗೆ ಹೋದರು. ನಲವತ್ತು ವರ್ಷದ ದಾಂಪತ್ಯವೆಂದರೆ ಇದೇ ಇರಬೇಕು.

ಕೊನೆಗೆ ಎಲೆ. ಎಲೆಯನ್ನು ಒತ್ತಿಟ್ಟು ಅದರ ಸುತ್ತ ಕಡುಗಂದು ಬಣ್ಣ ಎರಚಿದರೆ ಎಲೆಯ ಆಕಾರ ಉಳಿಯುತ್ತದೆ. ಓಕಿನ ಎಲೆ ಸಣ್ಣದು, ಗಡುಸು, ಕೊಳವೆಯ ದುಂಡಿಗೆ ಬಾಗಲಿಲ್ಲ. ಜುನಿಪರಿನ ಸೊಪ್ಪು ಪೊರಕೆಯಂತೆ ಕಲಸಿಹೋಯಿತು. ಅವರ ದೃಷ್ಟಿ ಬೇಲಿಯಾಚೆ ನಮ್ಮ ಕುಂಡದ ಮೇಲೆ ಹೋಯಿತು. ‘ಅದು ಯಾವ ಗಿಡ?’

ಅತಿಥಿಧರ್ಮಕ್ಕೂ ಮಗಳ ಭಯಕ್ಕೂ ನಡುವೆ ಸಿಕ್ಕಿಕೊಂಡು, ಕೆಳಗಿನ ಹಳೆಯ ಎಸಳೊಂದನ್ನು ಕಿತ್ತುಕೊಟ್ಟೆ. ಹತ್ತೊಂಬತ್ತು ಎಲೆ, ನಾನೂ ಎಣಿಸಿಯೇ ಕಿತ್ತೆ. ಎದುರುಬದುರಾಗಿ ಜೋಡಿಸಿದಂತಿರುವ ಆ ಎಲೆಗಳು ಕೊಳವೆಗೆ ಚೆನ್ನಾಗಿ ಬಾಗಿದವು. ಬಣ್ಣ ಎರಚಿ, ಎಸಳನ್ನು ಎತ್ತಿ, ಮತ್ತೊಂದು ಕಡೆ ಒತ್ತಿ, ಹೀಗೆ ನಾಲ್ಕು ಸಲ. ಕಾರ್‌ಶೆಡ್ಡಿನಲ್ಲಿ ಬಣ್ಣದ ವಾಸನೆಯ ನಡುವೆ ಒಂದು ಗಳಿಗೆ ಒಗ್ಗರಣೆಯ ವಾಸನೆ ಬಂತು. ಅಮೆರಿಕೆಯ ಯಾವ ಕಾಡಿನಲ್ಲಿಯೂ ಬೆಳೆಯದ ಕರಿಬೇವು ಅಲ್ಲಿನ ಕಾಡಿನಲ್ಲಿ ಮರೆಯಾಗಲು ಎಷ್ಟು ಸಹಾಯಮಾಡೀತು ಎಂದು ಕೇಳಿದೆ. ಹಂದಿಗೆ ಸಸ್ಯಶಾಸ್ತ್ರ ಬರುವುದಿಲ್ಲ ಎಂದರು.

ಬೇಟೆ ಹಂದಿಯದು. ಟೆಕ್ಸಾಸಿನಲ್ಲಿ ಕಾಡುಬಿದ್ದ ಹಂದಿಗಳ ಕಾಟ ನಮ್ಮ ಮಲೆನಾಡಿನ ಗದ್ದೆಯವರಿಗೆ ಹೇಳಿದರೆ ಅರ್ಥವಾದೀತು. ಒಂದೇ ರಾತ್ರಿಯಲ್ಲಿ ಜೋಳದ ಹೊಲವನ್ನು ಉತ್ತು ಹಾಕುತ್ತವೆ. ಖಾಸಗಿ ಜಮೀನಿನಲ್ಲಿ ಅವನ್ನು ಹೊಡೆಯಲು ೨೦೧೯ರಿಂದ ಬೇಟೆಯ ಲೈಸೆನ್ಸೂ ಬೇಡವೆಂದು ಮಾಡಿದ್ದಾರೆ. ಹಂದಿ ರಾತ್ರಿ ಬರುವ ಪ್ರಾಣಿ. ಅದರ ಕಣ್ಣು ಮಂದ, ಮೂಗು ಚುರುಕು. ಹಾಗಿದ್ದ ಮೇಲೆ ಈ ಹಸುರು ಕಂದುಗಳೆಲ್ಲ ಯಾರಿಗಾಗಿ? ನನ್ನ ಅನುಮಾನವನ್ನು ಹೇಳಲಿಲ್ಲ. ಮದುವೆಯಾಗಿ ನಲವತ್ತು ವರ್ಷವಾದ ಹೆಂಗಸು ಕನ್ನಡಿಯ ಮುಂದೆ ಕುಂಕುಮ ತಿದ್ದಿಕೊಳ್ಳುತ್ತಿದ್ದರೆ ಯಾರಿಗಾಗಿ ಎಂದು ಕೇಳುತ್ತೇವೆಯೆ?

ಮರೆಯಾಗುವ ಬಣ್ಣದ ಚರಿತ್ರೆಯಲ್ಲಿ ನಮಗೂ ಒಂದು ಪಾಲಿದೆ. ‘ಖಾಕಿ’ ಎಂಬ ಮಾತು ಪಾರಸಿಯ ಖಾಕ್, ಎಂದರೆ ಧೂಳು, ಮಣ್ಣು. ೧೮೪೬ರಲ್ಲಿ ಪೇಶಾವರದಲ್ಲಿ ಗೈಡ್ಸ್ ಎಂಬ ದಳವನ್ನು ಕಟ್ಟಿದ ಹ್ಯಾರಿ ಲಮ್ಸ್‌ಡನ್ ತನ್ನ ಸಿಪಾಯಿಗಳಿಗೆ ಆ ನೆಲದ ಬಣ್ಣದ ಬಟ್ಟೆ ತೊಡಿಸಿದ. ಅಲ್ಲಿಯವರೆಗೆ ಇಂಗ್ಲಿಷರ ಪಾಳೆಯವೆಂದರೆ ಕೆಂಪು ಕೋಟು. ಹತ್ತು ಮೈಲಿಯಿಂದ ಕಾಣಬೇಕು, ಕಂಡು ಹೆದರಬೇಕು. ಮಂಗಳೂರಿನವರು ಖಾಕಿಯ ಹುಟ್ಟು ತಮ್ಮಲ್ಲೇ, ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಕಾರನಿಂದ ಎನ್ನುತ್ತಾರೆ. ಪೇಶಾವರದ ಕಥೆ ಅದಕ್ಕಿಂತ ಕೆಲವು ವರ್ಷ ಹಿಂದಿನದು. ಆದರೆ ಮಂಗಳೂರಿನ ಮಿತ್ರರ ಮುಂದೆ ಇದನ್ನು ಒತ್ತಿ ಹೇಳುವ ಧೈರ್ಯ ನನಗಿಲ್ಲ.

ಇದರ ಹಿಂದಿನ ತತ್ತ್ವವನ್ನು ಹುಡುಕಿದವನು ಸೈನಿಕನಲ್ಲ, ಅಮೆರಿಕೆಯ ಒಬ್ಬ ಚಿತ್ರಕಾರ, ಅಬಟ್ ಥೇಯರ್. ಮೃಗಗಳ ಬೆನ್ನು ಕಪ್ಪಗೆ, ಹೊಟ್ಟೆ ಬೆಳ್ಳಗೆ ಇರುವುದೇಕೆ? ಮೇಲಿನ ಬಿಸಿಲು ಬೆನ್ನನ್ನು ಬೆಳಗಿಸುತ್ತದೆ, ಹೊಟ್ಟೆಗೆ ನೆರಳು ಬೀಳುತ್ತದೆ. ಎರಡೂ ಸಮವಾಗಿ, ಪ್ರಾಣಿಯ ಉಬ್ಬು ಕಾಣದೆ ಚಪ್ಪಟೆಯಾಗಿ ಹಿನ್ನೆಲೆಯಲ್ಲಿ ಕರಗುತ್ತದೆ ಎಂದು ಅವನು ೧೮೯೬ರಲ್ಲಿ ಬರೆದ. ಒಳ್ಳೆಯ ಮಾತು. ಆದರೆ ಒಳ್ಳೆಯ ಮಾತು ಸಿಕ್ಕಿದವನು ಅದನ್ನು ಅಲ್ಲಿಗೇ ಬಿಡುವುದಿಲ್ಲ. ೧೯೦೯ರ ಪುಸ್ತಕದಲ್ಲಿ ಎಲ್ಲ ಬಣ್ಣವೂ ಮರೆಯಾಗಲಿಕ್ಕೇ ಇರುವುದೆಂದು ಸಾಧಿಸಹೊರಟು, ರಾಜಹಂಸಗಳು ಕೆಂಪಾಗಿರುವುದು ಸೂರ್ಯಾಸ್ತದ ಆಕಾಶದಲ್ಲಿ ಅಡಗಿಕೊಳ್ಳಲು ಎಂದುಬಿಟ್ಟ. ಮಧ್ಯಾಹ್ನ ಹನ್ನೆರಡಕ್ಕೆ ಅವು ಏನು ಮಾಡಬೇಕೋ! ಬೇಟೆಗಾರನಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಈ ವಾದವನ್ನು ಪುಟಗಟ್ಟಲೆ ಬರೆದು ಲೇವಡಿಮಾಡಿದ. ಆದರೂ ಮೊದಲ ಮಹಾಯುದ್ಧ ಬಂದಾಗ ಸೈನ್ಯಗಳು ಹುಡುಕಿಕೊಂಡು ಹೋದದ್ದು ಚಿತ್ರಕಾರರನ್ನೇ. ೧೯೧೫ರಲ್ಲಿ ಫ್ರಾನ್ಸು ತನ್ನ ಮರೆವೇಷದ ದಳವನ್ನು ಕಟ್ಟಿ, ಅದನ್ನು ಗಿರಾಂಡ್ ದ ಸೆವೋಲಾ ಎಂಬ ಚಿತ್ರಕಾರನ ಕೈಗೆ ಕೊಟ್ಟಿತು. ಶ್ರೀಮಂತರ ಭಾವಚಿತ್ರ ಬರೆಯುತ್ತಿದ್ದ ಕೈಗಳು ಫಿರಂಗಿಗಳಿಗೆ ಬಣ್ಣ ಬಳಿದವು.

ಒಂದು ತಮಾಷೆಯೆಂದರೆ ಅಮೆರಿಕೆಯ ಅನೇಕ ಸಂಸ್ಥಾನಗಳಲ್ಲಿ ಜಿಂಕೆಯ ಬೇಟೆಗೆ ಹೋಗುವವನು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡಲೇಬೇಕೆಂದು ಕಾನೂನಿದೆ. ಜಿಂಕೆಯ ಕಣ್ಣಿಗೆ ಕೆಂಪು ತಿಳಿಯುವ ಶಕ್ತಿ ಇಲ್ಲ. ಅದಕ್ಕೆ ಆ ಅಂಗಿ ಮಾಸಲಾಗಿ ಕಾಣುತ್ತದೆ. ಇನ್ನೊಬ್ಬ ಬೇಟೆಗಾರನಿಗೆ ಮಾತ್ರ ಢಾಳಾಗಿ ಕಾಣುತ್ತದೆ. ಕಾಡಿನಲ್ಲಿ ಮನುಷ್ಯನು ಹೆದರಬೇಕಾದದ್ದು ಯಾರಿಗೆ ಎಂಬುದನ್ನು ಆ ಕಾನೂನು ಮಾಡಿದವರು ಬಲ್ಲರು.

ಬಣ್ಣ ಆರಲು ಒಂದು ದಿನ ಬಿಟ್ಟು, ಮಾರನೆಯ ದಿನ ಆಭರಣ ತೊಡಿಸುವ ಕಾರ್ಯಕ್ರಮ. ಕೈಗಾಪಿನ ನೆತ್ತಿಯ ಮೇಲೆ ಉದ್ದಕ್ಕೂ ಹಲ್ಲುಹಲ್ಲಾದ ಒಂದು ಪಟ್ಟಿ, ಕಾಯಿ ತುರಿಯುವ ಮಣೆಯ ಹಲ್ಲನ್ನು ನೀಳವಾಗಿ ಎಳೆದಂತೆ. ಅದರ ಅಳತೆಯನ್ನು ೧೯೯೫ರಲ್ಲಿ ಅಮೆರಿಕೆಯ ಸೈನ್ಯ ನಿಗದಿಮಾಡಿತು. ನ್ಯೂಜೆರ್ಸಿಯ ಪಿಕಟಿನಿ ಎಂಬ ಆಯುಧಾಗಾರದ ಹೆಸರು ಅದಕ್ಕೆ. ಅಳತೆ ಒಂದಾದ್ದರಿಂದ ಯಾರು ಮಾಡಿದ ಸಾಮಾನೂ ಯಾವ ಬಂದೂಕಿಗೂ ಕೂರುತ್ತದೆ. ಇದೇ ಈ ಹುಚ್ಚಿನ ಮೂಲ. ಕೂರುತ್ತದೆ ಎಂದ ಮೇಲೆ ಕೂರಿಸದೆ ಇರುವವರಾರು? ನಮ್ಮ ನೆರೆಯವರು ಒಂದು ಟಾರ್ಚನ್ನು ಕೂರಿಸಿದರು. ಹಂದಿಗೆ ಅದು ಬೇಕು, ಒಪ್ಪಿದೆ. ಮುಂದೆ ಎರಡು ಕಾಲಿನ ಊರುಗೋಲು. ಕೆಳಗೆ ಹಿಡಿದುಕೊಳ್ಳಲು ಒಂದು ಗೂಟ. ಹೆಗಲಪಟ್ಟಿಗೆ ಒಂದು ಕೊಂಡಿ. ಪಟ್ಟಿಯ ಬರಿದಾದ ಹಲ್ಲುಗಳಿಗೆ ರಬ್ಬರಿನ ಹೊದಿಕೆ. ೧೯೮೦ರ ಸುಮಾರಿಗೆ ಹೊಸ ಸ್ಕೂಟರು ಕೊಂಡವರು ಅದಕ್ಕೆ ಉಕ್ಕಿನ ಗಾರ್ಡು, ಕುಚ್ಚು, ಹೆಚ್ಚಿನ ಕನ್ನಡಿ, ಬುಟ್ಟಿ ಎಲ್ಲ ಹಾಕಿಸಿ ಕೊನೆಗೆ ಸ್ಕೂಟರನ್ನು ಸ್ಟ್ಯಾಂಡಿನಿಂದ ಇಳಿಸಲಾರದೆ ಒದ್ದಾಡುತ್ತಿದ್ದುದು ನನಗೆ ನೆನಪಿದೆ. ನೆರೆಯವರೂ ಬಂದೂಕನ್ನು ಹೆಗಲಿಗೆ ಏರಿಸಿ ನೋಡಿದರು, ಇಳಿಸಿದರು, ಊರುಗೋಲನ್ನು ಕಳಚಿದರು. ಮತ್ತೆ ಏರಿಸಿ ನೋಡಿದರು. ಗೂಟವನ್ನೂ ಕಳಚಿದರು. ಸ್ಟೋನರ್ ಕಷ್ಟಪಟ್ಟು ಇಳಿಸಿದ ತೂಕವನ್ನು ಹಣ ಕೊಟ್ಟು ಮತ್ತೆ ಏರಿಸುವುದು ವಿವೇಕವಲ್ಲವೆಂದು ನನಗೂ ಅನಿಸಿತು.

ಇಷ್ಟೆಲ್ಲವನ್ನೂ ಅಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ, ಕರಿಬೇವಿನ ಭಾಗವನ್ನು ಬಿಟ್ಟು. ಮಗಳು ಅನ್ನದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿದಳು.

“ಅಪ್ಪಾ, ಅವರು ಅದನ್ನ ಎಲ್ಲಿಡ್ತಾರೆ? ಬೀಗ ಹಾಕ್ತಾರಾ?”

ಎಲ್ಲಿಡುತ್ತಾರೋ ನನಗೆ ತಿಳಿಯದು. “ಹಾಗಾದ್ರೆ ಕೇಳ್ಬೇಕು. ನೀವು ಕೇಳ್ತೀರೋ, ನಾನೇ ಹೋಗಿ ಕೇಳ್ಲೋ?” ಎಂದಳು.

ಬೆಂಗಳೂರಿನ ಬಸವನಗುಡಿಯಲ್ಲಿ ಬೆಳೆದ ಹುಡುಗಿ. ಪೊಲೀಸಿನವನ ಹೆಗಲ ಮೇಲಿನದನ್ನು ಬಿಟ್ಟು ಬೇರೆ ಬಂದೂಕು ಕಂಡವಳಲ್ಲ. ಆದರೆ ಅವಳ ಭಯ ಕಾಣದವರ ಭಯವಲ್ಲ. ೨೦೨೨ರ ಮೇ ೨೪ರಂದು ಯುವಾಲ್ಡಿ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಹದಿನೆಂಟು ವರ್ಷದವನೊಬ್ಬ ಇಂಥದೇ ಬಂದೂಕಿನಿಂದ ೧೯ ಮಕ್ಕಳನ್ನೂ ೨ ಉಪಾಧ್ಯಾಯಿನಿಯರನ್ನೂ ಕೊಂದ. ಆ ಊರು ಅವಳ ಮನೆಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಸತ್ತ ಮಕ್ಕಳ ವಯಸ್ಸು ಒಂಬತ್ತು, ಹತ್ತು, ಹನ್ನೊಂದು. ಅಂದು ತಾನು ಕಚೇರಿಯಿಂದ ಹೇಗೆ ಮನೆಗೆ ಬಂದೆನೆಂಬುದು ತನಗೆ ನೆನಪಿಲ್ಲವೆಂದು ಒಮ್ಮೆ ಹೇಳಿದ್ದಳು.

ಮೊಮ್ಮಗನ ಶಾಲೆಯಲ್ಲಿ ಇದಕ್ಕೆ ತಾಲೀಮು ನಡೆಯುತ್ತದೆ. ದೀಪ ಆರಿಸಿ, ಬಾಗಿಲು ಬೀಗ ಹಾಕಿ, ಮಕ್ಕಳೆಲ್ಲ ಕಿಟಕಿಗೆ ಕಾಣದ ಮೂಲೆಯಲ್ಲಿ ಸದ್ದಿಲ್ಲದೆ ಕೂರಬೇಕು. ನಾನು ಹೋದ ಹೊಸದರಲ್ಲಿ ಅವನಿಗೆಂದು ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ದೀಪ ಮಿನುಗುವ ಬೂಟು ಕೊಂಡಿದ್ದೆ. ಶಾಲೆಗೆ ಅದನ್ನು ಹಾಕಿಕೊಳ್ಳಲೊಲ್ಲ. ಬಣ್ಣ ಹಿಡಿಸಲಿಲ್ಲವೇನೋ ಎಂದುಕೊಂಡೆ. “ಚೆನ್ನಾಗಿದೆ ತಾತ. ಬಚ್ಚಿಟ್ಟುಕೊಂಡಾಗ ಮಿನುಗುತ್ತಲ್ಲ, ಅದಕ್ಕೆ” ಎಂದ. ಮಳೆ ಬಂದರೆ ಕೊಡೆ ಬೇಕು ಎನ್ನುವಂಥ ದನಿಯಲ್ಲಿ ಹೇಳಿದ. ಆ ಬೂಟನ್ನು ಮನೆಯ ಒಳಗೆ ಮಾತ್ರ, ದೀಪ ಆರಿಸಿ, ಹಾಕಿಕೊಂಡು ಕುಣಿಯುತ್ತಾನೆ.

ಮಾರನೆಯ ಬೆಳಿಗ್ಗೆ ನಾನೇ ಹೋಗಿ ಕೇಳಿದೆ. ಒಬ್ಬನ ಮನೆಯಲ್ಲಿ ಕಾಫಿ ಕುಡಿದು, ನಿಮ್ಮ ಮನೆಗೆ ನಮ್ಮ ಮಗುವನ್ನು ಕಳುಹಿಸಬಹುದೆ ಎಂದು ಕೇಳುವುದು ಎಷ್ಟು ಕಷ್ಟವೆಂದು ಕೇಳಿದವರಿಗೇ ಗೊತ್ತು. ಮಾತಿಗೆ ಪೀಠಿಕೆ ಹಾಕಿದೆ. ಹವೆಯ ವಿಷಯ, ಮಂಡಿನೋವಿನ ವಿಷಯ. ಅವರು ಕೊನೆಗೆ ತಾವೇ, ‘ಬೀಗದ ಮಾತು ತಾನೆ?’ ಎಂದರು. ಒಳಗೆ ಕರೆದುಕೊಂಡು ಹೋಗಿ ಆಳೆತ್ತರದ ಉಕ್ಕಿನ ಬೀರು ತೋರಿಸಿದರು. ಕರಿಬೇವಿನ ಬಂದೂಕು ಅದರಲ್ಲಿತ್ತು, ಇನ್ನು ನಾಲ್ಕರ ಜೊತೆಗೆ. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ. ನನ್ನ ಮನಸ್ಸು ಹಗುರವಾಯಿತು. ಥ್ಯಾಂಕ್ಸ್ ಹೇಳಿ ಹೊರಟೆ.

ಬಾಗಿಲ ಬಳಿ ಬಂದಾಗ, ‘ಇನ್ನೊಂದಿದೆ’ ಎಂದರು. ಮಲಗುವ ಕೋಣೆಯ ಮೇಜಿನ ಖಾನೆಯಲ್ಲಿ ಒಂದು ಪಿಸ್ತೂಲು. ಅದಕ್ಕೆ ಬೀಗವಿಲ್ಲ. ಗುಂಡು ತುಂಬಿದೆ. ಕಳ್ಳ ಬಂದರೆ ಬೀಗ ತೆಗೆಯುತ್ತ ಕೂರಲು ಹೊತ್ತಿರುವುದಿಲ್ಲ, ಮೂವತ್ತು ವರ್ಷದಿಂದ ಅದು ಅಲ್ಲೇ ಇದೆ ಎಂದರು.

ಅವರು ಹೇಳದೆ ಇರಬಹುದಾಗಿತ್ತು. ನಾನಂತೂ ಉಕ್ಕಿನ ಬೀರುವನ್ನು ನೋಡಿ ತೃಪ್ತನಾಗಿ ಹೊರಟಿದ್ದೆ. ಮಗಳಿಗೆ ಹೇಳಿದಾಗ ಅವಳು ಕೋಪಮಾಡಿಕೊಳ್ಳಲಿಲ್ಲ. “ನಿಜ ಹೇಳಿದ್ರಲ್ಲ, ದೊಡ್ಡವರು. ಆದರೆ ಇವನು ಅಲ್ಲಿಗೆ ಹೋಗೋದು ಬೇಡ. ಆ ಹುಡುಗ ಇಲ್ಲಿಗೆ ಬರಲಿ” ಎಂದಳು. ಅಂದಿನಿಂದ ಆ ಹುಡುಗನೇ ನಮ್ಮ ಮನೆಗೆ ಬರುತ್ತಿದ್ದ. ಕಾರಣವನ್ನು ಮಕ್ಕಳಿಗೆ ಯಾರೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ದೋಸೆ ಸಿಗುತ್ತದೆ ಎಂಬುದೇ ಕಾರಣವೆಂದು ಆ ಹುಡುಗ ತಿಳಿದಿದ್ದನೆಂದು ತೋರುತ್ತದೆ.

ನಾನು ಕಾಫಿಗೆ ಹೋಗುವುದನ್ನು ಬಿಡಲಿಲ್ಲ. ಒಂದು ದಿನ, ನಿಮ್ಮ ಕಡೆ ಬಂದೂಕು ಯಾರಲ್ಲಿಯೂ ಇಲ್ಲವೆ ಎಂದು ಕೇಳಿದರು. ಕೊಡಗಿನ ಕಥೆಯನ್ನು ಹೇಳಿದ್ದು ಆಗ.

ವಿರಾಜಪೇಟೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ೧೯೭೯ರಿಂದ ಹನ್ನೊಂದು ವರ್ಷ ಗಣಿತ ಹೇಳಿಕೊಟ್ಟೆ. ನಾವು ಬಂದೂಕು ಎನ್ನುವುದನ್ನು ಅಲ್ಲಿ ಕೋವಿ ಎನ್ನುತ್ತಾರೆ. ಕೊಡವರಿಗೆ ಕೋವಿಯ ವಿಷಯದಲ್ಲಿ ಕಾನೂನಿನ ವಿನಾಯಿತಿಯಿದೆ. ೧೮೬೧ರಲ್ಲಿ ಮಾರ್ಕ್ ಕಬ್ಬನ್, ಬೆಂಗಳೂರಿನ ಪಾರ್ಕಿಗೆ ಹೆಸರು ಕೊಟ್ಟವನೇ, ನಿಶ್ಶಸ್ತ್ರೀಕರಣದ ಕಾನೂನಿನಿಂದ ಅವರನ್ನು ಬಿಡಿಸಿದ. ಸ್ವತಂತ್ರ ಭಾರತದ ೧೯೫೯ರ ಆಯುಧ ಕಾಯಿದೆ ಬಂದ ಮೇಲೆ ೧೯೬೩ರಲ್ಲಿ ಕೊಡವ ಕುಲದವರಿಗೂ ಜಮ್ಮ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಯಿತು. ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ವಿಸ್ತರಿಸಿದರು. ೨೦೨೧ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು.

ನಮ್ಮ ಬಾಡಿಗೆಯ ಮನೆಯ ಮೇಲುಗಡೆ ಒಂದು ಐನ್‌ಮನೆ. ಅದರ ಹಿರಿಯರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಅವರದು ಹಳೆಯ ಕೇಪಿನ ಕೋವಿ. ನಳಿಗೆಯ ಕೆಳಗಿನ ಮರ, ಎಂದರೆ ನಮ್ಮ ಟೆಕ್ಸಾಸಿನವರ ಕೈಗಾಪಿನ ಜಾಗ, ಮೂರು ತಲೆಮಾರಿನ ಅಂಗೈ ಸವೆದು ಕಪ್ಪಾಗಿ ಹೊಳೆಯುತ್ತಿತ್ತು. ಒಂದು ಕಡೆ ಸೀಳಿದ್ದಲ್ಲಿ ತಾಮ್ರದ ತಂತಿ ಬಿಗಿದಿದ್ದರು. ಅದಕ್ಕೆ ಮಾಡಿದ ಒಟ್ಟು ಸುಧಾರಣೆ ಅಷ್ಟೆ.

ಮಳೆಗಾಲದಲ್ಲಿ ಗದ್ದೆ ನಾಟಿಯ ದಿನಗಳು ಬಂದರೆ ಕೋವಿ ಒಳಗೆ ಸೇರುತ್ತಿತ್ತು. ದೇವರ ಮೂಲೆಯಲ್ಲಿ ಇಟ್ಟ ಮೇಲೆ ನಾಟಿ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಸೆಪ್ಟೆಂಬರ್ ೩ಕ್ಕೆ ಕೈಲ್‌ಪೊಳ್ದ್. ಅದು ಆಯುಧಗಳ ಹಬ್ಬ. ಹಿಂದಿನ ದಿನ ಸುಬೇದಾರರು ಜಗಲಿಯಲ್ಲಿ ಕುಳಿತು ನಳಿಗೆಗೆ ಬಿಸಿನೀರು ಹೊಯ್ದು, ಬಟ್ಟೆ ಸುತ್ತಿದ ಕೋಲಿನಿಂದ ಉಜ್ಜಿ, ಮರಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಬೆಳಿಗ್ಗೆ ಮನೆಯ ಹುಡುಗರು ಬೇಲಿಗಳಲ್ಲಿ ಹುಡುಕಿ ಹೂ ತರುತ್ತಿದ್ದರು. ಅದಕ್ಕೆ ಕೊಡವ ಭಾಷೆಯಲ್ಲಿ ತೋಕ್ ಪೂ ಎಂದೇ ಹೆಸರು: ತೋಕ್ ಎಂದರೆ ಕೋವಿ. ನಾವು ಅಗ್ನಿಶಿಖೆ ಎನ್ನುತ್ತೇವೆ. ಆ ಬಳ್ಳಿ ಎಲೆಯ ತುದಿಯನ್ನೇ ಸುರುಳಿಯಾಗಿಸಿ ಬೇಲಿ ಹತ್ತುತ್ತದೆ. ಹೂ ಮೊದಲು ಹಸುರು, ಆಮೇಲೆ ಹಳದಿ, ಆಮೇಲೆ ಕೆಂಡದ ಕೆಂಪು. ಎಸಳುಗಳು ಹಿಂದಕ್ಕೆ ಮೇಲಕ್ಕೆ ಬಾಗಿ, ಉರಿಯುವ ಬೆಂಕಿಯಂತೆ ಅಲೆಯಲೆಯಾಗಿ ನಿಂತಿರುತ್ತವೆ. ಬುಡದ ಗೆಡ್ಡೆ ಮಾತ್ರ ಕಡುವಿಷ. ಆ ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿ, ಗಂಧ ಹಚ್ಚಿ, ದೀಪದ ಮುಂದೆ ಇಟ್ಟು ಪೂಜೆ. ಪೂಜೆಯಾದ ಮೇಲೆ ಹಿರಿಯರೇ ಎತ್ತಿ ಕೊಡಬೇಕು. ಆಮೇಲೆ ಎತ್ತರದ ಮರದ ಕೊಂಬೆಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಪಂದಿಕರಿಯ ಊಟ, ನನ್ನಂಥವನಿಗೆ ಬೇರೆ ಒಲೆಯಲ್ಲಿ ಮಾಡಿದ ಕುಂಬಳಕಾಯಿಯ ಪಲ್ಯ ಮತ್ತು ಕಡಂಬುಟ್ಟು.

ನೆರೆಯವರು ಮೊಬೈಲಿನಲ್ಲಿ ಆ ಹೂವಿನ ಚಿತ್ರವನ್ನು ಹುಡುಕಿ ನೋಡಿದರು. ‘ಇದನ್ನು ಕೋವಿಗೆ ಇಟ್ಟರೆ ಒಂದು ಮೈಲಿಯಿಂದ ಕಾಣುತ್ತದಲ್ಲ’ ಎಂದರು. ಕಾಣಲೆಂದೇ ಇಡುವುದು ಎಂದೆ. ಅವರು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿ, ನಳಿಗೆಯ ಬಾಯಿಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಬಾರದು, ನಳಿಗೆ ಒಡೆದೀತು ಎಂದು ನನಗೆ ಎಚ್ಚರಿಕೆ ಕೊಟ್ಟರು. ಹೂ ತೆಗೆದ ಮೇಲೆಯೇ ಹೊಡೆಯುವುದು ಎಂದು ಸಮಾಧಾನ ಹೇಳಬೇಕಾಯಿತು.

ಅಲ್ಲಿ ಕೋವಿಯ ಸದ್ದಿಗೆ ಅರ್ಥಗಳಿದ್ದವು. ಹುತ್ತರಿಯಲ್ಲಿ ಕದಿರು ಕೊಯ್ಯುವ ಮುಂಚೆ ಒಂದು ಗುಂಡು. ಗಂಡುಮಗು ಹುಟ್ಟಿದರೆ ಒಂದು. ಮನೆಯಲ್ಲಿ ಸಾವಾದರೆ ಎರಡು. ೧೯೮೮ರ ಜುಲೈಯಲ್ಲಿ, ಜಡಿಮಳೆ, ಒಂಬತ್ತನೆಯ ತರಗತಿಗೆ ಪೈಥಾಗೊರಸನ ಪ್ರಮೇಯ ಹೇಳುತ್ತಿದ್ದೆ. ಮೇಲುಗಡೆಯಿಂದ ಒಂದು ಗುಂಡಿನ ಸದ್ದು ಕೇಳಿತು. ಮಕ್ಕಳೆಲ್ಲ ತಲೆಯೆತ್ತಿ ಕಾದರು. ಮತ್ತೊಂದು ಕೇಳಿತು. ಯಾರೂ ಏನೂ ಹೇಳದೆ ಪೆನ್ಸಿಲುಗಳನ್ನು ಕೆಳಗಿಟ್ಟು ಎದ್ದು ನಿಂತರು. ಸುಬೇದಾರರ ಮನೆಯ ದಿಕ್ಕು ಎಂದು ಹಿ೦ದಿನ ಬೆಂಚಿನ ಹುಡುಗನೊಬ್ಬ ಹೇಳಿದ. ನಾನು ಮಳೆಯಲ್ಲೇ ಹತ್ತಿ ಹೋದೆ. ತಾಮ್ರದ ತಂತಿ ಬಿಗಿದ ಆ ಕೋವಿ ಮಗನ ಕೈಯಲ್ಲಿತ್ತು, ಜಗಲಿಯ ಮೂಲೆಯಲ್ಲಿ ನಿಂತಿದ್ದ. ಬಾಯಿಂದ ಇನ್ನೂ ಸ್ವಲ್ಪ ಹೊಗೆ ಬರುತ್ತಿತ್ತು.

ಇದನ್ನು ಹೇಳಿದಾಗ ನೆರೆಯವರು ರೇಡಿಯೋ ಆರಿಸಿದರು. ಆ ದಿನ ಹೆಚ್ಚು ಮಾತಾಗಲಿಲ್ಲ. ಕೊಡಗಿನಲ್ಲಿ ಎಲ್ಲವೂ ಹೂವೇ ಎಂದು ನಾನು ಹೇಳಹೊರಟಿಲ್ಲ. ಕುಡಿದ ಜಗಳದಲ್ಲಿ, ಜಮೀನಿನ ವ್ಯಾಜ್ಯದಲ್ಲಿ ಕೋವಿ ಹೊರಗೆ ಬಂದ ಸುದ್ದಿಯನ್ನು ಅಲ್ಲಿದ್ದಾಗ ನಾನೂ ಕೇಳಿದ್ದೇನೆ. ಅದನ್ನೂ ಅವರಿಗೆ ಹೇಳಿದೆ.

ಡಿಸೆಂಬರಿನಲ್ಲಿ ಹೊರಡುವ ಮುಂಚೆ ಒಂದು ಬೆಳಿಗ್ಗೆ ಬೇಲಿಯ ಬಳಿ ಕರೆದರು. ಅಂಗೈಯಗಲದ, ಗುಂಡಿಗಳಿದ್ದ ಒಂದು ಉಕ್ಕಿನ ಪೆಟ್ಟಿಗೆ ಕೈಯಲ್ಲಿತ್ತು. ಅಂಕೆ ಒತ್ತಿದರೆ ತೆರೆಯುತ್ತದೆ. ‘ಖಾನೆಯ ಒಳಗೇ ತಿರುಪು ಹಾಕಿ ಕೂರಿಸುತ್ತೇನೆ. ಕತ್ತಲಲ್ಲಿ ತೆರೆದು ನೋಡಿದೆ, ನಾಲ್ಕು ಸೆಕೆಂಡು ಹಿಡಿಯಿತು’ ಎಂದರು. ಏಕೆ ಕೊಂಡೆನೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮಗಳಿಗೆ ತಿಳಿಸಿದೆ. ಸ್ವಲ್ಪ ಹೊತ್ತು ಯೋಚಿಸಿ, “ಸರಿ, ಭಾನುವಾರ ಒಂದು ಗಂಟೆ ಹೊತ್ತು ಕಳಿಸ್ತೀನಿ” ಎಂದಳು. ಭಾನುವಾರ ಮಧ್ಯಾಹ್ನ ಹುಡುಗ ಮಿನುಗುವ ಬೂಟು ಹಾಕಿಕೊಂಡು ಓಡಿದ. ಒಂದು ಡಬ್ಬಿಯಲ್ಲಿ ಚಕ್ಕುಲಿ ಹಾಕಿಕೊಂಡು ಇವಳೂ ಹಿಂದೆಯೇ ಹೋದಳು. ಆ ಒಂದು ಗಂಟೆಯೂ ಅವರ ಅಡುಗೆಮನೆಯಲ್ಲಿ, ಮಲಗುವ ಕೋಣೆಯ ಬಾಗಿಲು ಕಾಣುವ ಕುರ್ಚಿಯಲ್ಲಿ ಕುಳಿತು ಆ ಹೆಂಗಸಿನ ಜೊತೆ ಮಾತನಾಡುತ್ತಿದ್ದಳಂತೆ.